ಸಹಿ ಹಾಕದೆ ಕಾಲುಚೀಲವೂ ಇಲ್ಲ

ಕ್ಲಬ್ಬಿನ ಉಗ್ರಾಣ, ಹಿಂದಿನ ಕೋಣೆ
ಫೆಬ್ರವರಿ ೧೧, ಮಧ್ಯಾಹ್ನ

ಚಿರಂಜೀವಿ ಮಗನಿಗೆ ಅಪ್ಪನ ಮನಸಾರೆ ಆಶೀರ್ವಾದ.

ಮೊದಲು ಬೆರಳಿನ ವಿಷಯ ತಿಳಿಸು. ಎಡಗೈಯ ಉಂಗುರದ ಬೆರಳನ್ನು ಪೂರ್ತಿ ಮಡಿಸಲು ಬರುತ್ತದೆಯೋ ಇಲ್ಲವೋ? ಚಳಿಗೆ ಹಳೆಯ ಪೆಟ್ಟು ಎದ್ದು ಕೂರುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಆಮೇಲೆ ಮೈದಾನಕ್ಕೆ ಇಳಿ. ಆಡಿಸುವುದೇ ಇಲ್ಲ, ಬೆಂಚಿನ ಮೇಲೆ ಕೂರುವುದಕ್ಕೆ ಬೆರಳು ಯಾಕಪ್ಪಾ ಅಂತ ಕಳೆದ ವಾರ ನೀನು ಫೋನಿನಲ್ಲಿ ನಕ್ಕಿದ್ದು ನನಗೆ ಹಿಡಿಸಲಿಲ್ಲ. ಕೂತವನಿಗೂ ಬೆರಳು ಬೇಕು. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಕಟ್ಟೆಗೆ ಒರಗಿಕೊಂಡು ಪಾತ್ರೆಯಿಂದಲೇ ತಿನ್ನುವ ಚಾಳಿ ಬಿಡಬೇಕಂತೆ, ನಿನ್ನ ಅಮ್ಮ ಎರಡು ಸಲ ಹೇಳಿ ಬರೆಸಿದ್ದಾಳೆ. ಒಬ್ಬನೇ ಇರುವವನು ಕೂತು ಉಣ್ಣಬೇಕು, ನಿಂತು ಉಂಡರೆ ಊಟಕ್ಕೂ ತಾನು ಯಾರಿಗೂ ಬೇಡ ಅನ್ನಿಸುತ್ತದೆ ಎನ್ನುವುದು ಅವಳ ವಾದ. ಅವಳ ವಾದಕ್ಕೆ ಎದುರು ಹೇಳಿ ಗೆದ್ದವರು ಈ ಮನೆಯಲ್ಲಿ ಇಲ್ಲ.

ಇಲ್ಲಿ ನಾವಿಬ್ಬರೂ ಇದ್ದೇವೆ. ಅಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ಮಾತಾಡುತ್ತದೆ. ಆದರೂ ಬಸ್ ಪಾಸಿನ ಕೌಂಟರಿಗೆ ಒಂದು ದಿನವೂ ರಜೆ ಹಾಕಿಲ್ಲ. ಗಾಜಿನ ಆಚೆ ನಿಂತವರು ನಿನ್ನ ವಿಷಯ ತೆಗೆಯುವುದು ಈಗೀಗ ಕಡಿಮೆಯಾಗಿದೆ. ಮೊನ್ನೆ ಒಬ್ಬರು, "ನಿಮ್ಮ ಮಗ ಉಂಡ ಮನೆಗೆ ಎರಡು ಬಗೆದ ಕಣ್ರೀ" ಅಂದರಂತೆ. "ಉಂಡಿದ್ದು ನಮ್ಮನೇಲಿ. ಪಾಸು ಯಾವ ರೂಟಿಗೆ?" ಅಂದಳಂತೆ ನಿನ್ನ ಅಮ್ಮ. ಮನೆಗೆ ಬಂದು ಇದನ್ನು ಹೇಳಿ ನಕ್ಕಳು, ನಗುತ್ತಲೇ ಹೋಗಿ ದೀಪ ಹಾಕದೆ ಮಲಗಿಬಿಟ್ಟಳು. ನನಗೂ ಆಯಾಸ. ರೋಗ ಏನೂ ಅಲ್ಲ, ಎದ್ದಾಗಲೇ ಸಂಜೆಯಾಗಿರುವಂಥ ಆಯಾಸ.

ಹಾಳೆಯ ನೆತ್ತಿಯ ಮೇಲೆ ಕ್ಲಬ್ಬಿನ ಲಾಂಛನ ಕಂಡು ಗಾಬರಿಯಾಗಬೇಡ. ಹಾಳೆ, ಲಕೋಟೆ, ಕೊನೆಗೆ ಪೆನ್ನನ್ನೂ ಕೊಟ್ಟು ನನ್ನನ್ನು ಬರೆಯಲು ಕೂರಿಸಿದವರು ಮ್ಯಾನೇಜರ್ ಸಾಹೇಬರು. "ಸ್ಟೋರಪ್ಪ, ಫೋನಲ್ಲಿ ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾನೆ. ಅಪ್ಪನ ಕೈಬರಹ ನೋಡಿದ್ರೆ ಕರಗ್ತಾನೆ. ಇವತ್ತೇ ಬರೀರಿ" ಅಂದರು. ಬರೆದ ಮೇಲೆ ತನಗೆ ತೋರಿಸಬೇಕು ಅನ್ನಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಮೂವತ್ತೊಂದು ವರ್ಷದಲ್ಲಿ ಆ ನಂಬಿಕೆ ಕೆಡುವಂಥದ್ದು ನಾನೇನೂ ಮಾಡಿಲ್ಲ. ಈ ಪತ್ರ ಬರೆಯುವುದು ಕಷ್ಟವಾಗಿರುವುದೇ ಅದಕ್ಕೆ.

ಅವರು ಹೇಳಲು ಹೇಳಿದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ನಿನಗೆ ಕಳುಹಿಸಿದ ಕಾಗದಕ್ಕೆ ಇಪ್ಪತ್ತನೇ ತಾರೀಖಿನೊಳಗೆ ಸಹಿ ಹಾಕಬೇಕಂತೆ. ಅದರಲ್ಲಿ ಇರುವುದು ಮೂರೇ ಸಾಲು, ನನಗೂ ಓದಿ ಹೇಳಿದರು. "ಟೀವಿಯಲ್ಲಿ ನಾನು ಹೇಳಿದಂಥ ಬೀರು ಎಲ್ಲಿಯೂ ಇಲ್ಲ. ಕೆಲಸಗಾರರ ಪಾಸ್‌ಪೋರ್ಟುಗಳು ಅವರವರ ಬಳಿಯೇ ಇವೆ. ತಪ್ಪು ತಿಳಿದು ಆಡಿದ ಮಾತಿಗೆ ವಿಷಾದಿಸುತ್ತೇನೆ." ಸಹಿ ಬಿದ್ದ ಮರುವಾರವೇ ನಿನ್ನನ್ನು ಎರವಲು ಕೊಟ್ಟ ಆ ಊರಿನ ತಂಡದಿಂದ ಕರೆಸಿಕೊಳ್ಳುತ್ತಾರಂತೆ, ಇಪ್ಪತ್ತೊಂದನೇ ನಂಬರಿನ ಅಂಗಿ ಮತ್ತೆ ನಿನ್ನದೇ, ಹೊಸ ಗ್ಯಾಲರಿಯ ಉದ್ಘಾಟನೆಯ ದಿನ ಗೋಲಿನ ಮುಂದೆ ನೀನೇ. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಬರೆಸಿದ್ದೀನಿ" ಅಂತ ಸಾಹೇಬರು ಮೆಚ್ಚಿಕೊಂಡು ಹೇಳಿದರು. ಮಾತು ಬೆಳ್ಳಿ, ಮೌನ ಬಂಗಾರ ಅಂತಲೂ ಸೇರಿಸಲು ಹೇಳಿದ್ದಾರೆ, ಸೇರಿಸಿದ್ದೇನೆ. ಅವರು ಕೆಟ್ಟವರಲ್ಲ. ಅವರ ಮೇಲೂ ಒಬ್ಬರು ಕೂತಿದ್ದಾರೆ, ಆ ಒಬ್ಬರ ಮೇಲೆ ಕಂಪನಿ ಕೂತಿದೆ. ಗ್ಯಾಲರಿ ಕಟ್ಟುತ್ತಿರುವುದೂ ಆ ಕಂಪನಿಯೇ, ನಿಮ್ಮೆಲ್ಲರ ಅಂಗಿಯ ಎದೆಯ ಮೇಲಿರುವುದೂ ಅದರ ಹೆಸರೇ. ಆ ಹೆಸರನ್ನು ಎದೆಗೆ ಹೊಲಿದುಕೊಟ್ಟವನು ನಾನು.

ನೀನು ಹೋದ ಮೇಲಿನ ಸುದ್ದಿ ಕೇಳಿದ್ದೆಯಲ್ಲ, ಹೇಳುತ್ತೇನೆ. ಸರ್ಕಲ್ಲಿನ ದೊಡ್ಡ ಫಲಕದಲ್ಲಿ ಎರಡೂ ಕೈ ಚಾಚಿ ನಿಂತಿದ್ದೆ ನೀನು, ಈಗ ಅಲ್ಲಿ ಟೂತ್‌ಪೇಸ್ಟ್ ಹಿಡಿದುಕೊಂಡ ಹುಡುಗಿ ಹಲ್ಲು ಕಿರಿಯುತ್ತಿದ್ದಾಳೆ. ಗ್ಲೌಸಿನ ಕಂಪನಿಯವರು ಕರಾರು ಮುರಿದದ್ದು ಸಾಲದು ಅಂತ ಪಟ್ಟಿ ಹಿಡಿದು ಉಗ್ರಾಣಕ್ಕೇ ಬಂದರು. ಕೊಟ್ಟಿದ್ದ ಒಂಬತ್ತು ಜೊತೆಯೂ ವಾಪಸು ಬೇಕಂತೆ. ಅದರಲ್ಲಿ ನಾಲ್ಕು ಜೊತೆ ನಿನ್ನ ಬೆವರು ಕುಡಿದು ಮೂಗು ಮುಚ್ಚಿಕೊಳ್ಳುವ ಹಾಗಿದ್ದವು, ಅದನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ, ಒಂದೊಂದು ಜೊತೆಗೂ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡೇ ಕೊಟ್ಟೆ. ನನ್ನ ಉಗ್ರಾಣದ ಕಾನೂನು ನಿನಗೆ ಗೊತ್ತಲ್ಲ, ಸಹಿ ಹಾಕದೆ ಒಂದು ಕಾಲುಚೀಲವೂ ಬಾಗಿಲು ದಾಟುವುದಿಲ್ಲ. ಹನ್ನೊಂದು ವರ್ಷದವನಿದ್ದಾಗ ನೀನು ದೊಡ್ಡವರ ಹಳೇ ಗ್ಲೌಸು ಕೇಳಲು ಬಂದಿದ್ದೆ. ಸಹಿ ಹಾಕು ಅಂದೆ. ಸಹಿ ಅಂದರೆ ಏನಪ್ಪಾ ಅಂತ ಕೇಳಿದೆ ನೀನು. ಈ ವಸ್ತುವಿಗೆ ನಾನು ಜವಾಬ್ದಾರ ಅಂತ ಒಪ್ಪಿಕೊಳ್ಳುವುದು ಅಂದೆ. ನಾಲಿಗೆ ಕಚ್ಚಿಕೊಂಡು ಒಂದು ಸಾಲಿನ ಜಾಗದಲ್ಲಿ ಮೂರು ಸಾಲು ತುಂಬಿಸಿ ನಿನ್ನ ಹೆಸರು ಬರೆದೆ. ಆ ಹಳೆಯ ರಿಜಿಸ್ಟರು ಈಗಲೂ ಮೇಲಿನ ಹಲಗೆಯ ಮೇಲಿದೆ, ಬೇಸರವಾದಾಗ ತೆಗೆದು ನೋಡುತ್ತೇನೆ.

ಅಂಗಿಗಳ ಸಂಗತಿ ಬರೆಯಬಾರದು ಅಂದುಕೊಂಡಿದ್ದೆ. ಕಳೆದ ತಿಂಗಳು ನಿನ್ನ ಹದಿನಾಲ್ಕು ಅಂಗಿಗಳ ಬೆನ್ನಿನಿಂದ ಹೆಸರು, ನಂಬರು ಬಿಚ್ಚಲು ಆದೇಶ ಬಂತು. ಬೇರೆ ಯಾರಿಗಾದರೂ ಕೊಡಿ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಬೇರೆಯವರಾದರೆ ಬಟ್ಟೆ ಹರಿದಾರು. ಕನ್ನಡಕ ಹಾಕಿಕೊಂಡು ಎರಡು ದಿನ ಕೂತು ದಾರ ಕಿತ್ತೆ. ಕಿತ್ತ ಮೇಲೆ ನೋಡಿದರೆ ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿದೆ, ನಂಬರಿನ ಅಡಿಯ ಬಟ್ಟೆ ಹೊಸದರ ಹಾಗೇ ಇದೆ. ಇಪ್ಪತ್ತೊಂದು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ. ಸಾಹೇಬರಿಗೆ ತೋರಿಸಿದೆ. ಅವರು ನೋಡಿ, ಕಣ್ಣುಜ್ಜಿಕೊಂಡು, "ಒಳಗೆಲ್ಲಾದ್ರೂ ನೇತು ಹಾಕಿಬಿಡಿ ಸ್ಟೋರಪ್ಪ" ಅಂದರು. ಎಲ್ಲಿ ನೇತು ಹಾಕಿದೆ ಅಂತ ಆಮೇಲೆ ಹೇಳುತ್ತೇನೆ.

ಗೋಡೆಯ ಆಚೆಯಿಂದ ಚೆಂಡು ಎಸೆದುಕೊಡುತ್ತಿದ್ದ ನಿನ್ನ ಚೆಂಡಣ್ಣ ಹೇಗಿದ್ದಾನೆ ಅಂತ ಕೇಳಿದ್ದೆಯಲ್ಲ. ಇದ್ದಾನೆ. ಗ್ಯಾಲರಿ ಕಟ್ಟಲು ಹೊರದೇಶದಿಂದ ಬಂದ ಅವರೆಲ್ಲ ಇರುವ ತಗಡಿನ ಶೆಡ್ಡುಗಳಿಗೆ ಈಗ ಸುಣ್ಣ ಬಳಿದಿದ್ದಾರೆ, ಟೀವಿಯವರು ಬಂದಾಗ ಎಲ್ಲರ ತಲೆಗೂ ಕಂಪನಿಯ ಟೋಪಿ ಹಾಕಿಸಿ, ನಮ್ಮ ಕಾಗದ ನಮ್ಮ ಹತ್ತಿರ ಇದೆ ಅಂತ ಹೇಳಿಸಿದರು. ಆ ಮೇಲೆ ಯಾರೂ ಗೋಡೆಯ ಹತ್ತಿರ ಬರಬಾರದು ಅಂತ ಕಟ್ಟಪ್ಪಣೆ. ಹಾಗಾಗಿ ನೀನಿದ್ದಾಗ ಆಚೆ ಹೋದ ಚೆಂಡು ಎರಡೇ ನಿಮಿಷಕ್ಕೆ ಹಾರಿ ಬರುತ್ತಿತ್ತಲ್ಲ, ಈಗ ಬರುವುದಿಲ್ಲ. ಹನ್ನೊಂದು ಚೆಂಡು ಆ ಕಡೆ ಉಳಿದಿವೆ. ಹುಡುಗರು ಮೇಲೆ ಹೊಡೆಯಲು ಹೆದರುತ್ತಾರೆ, ನಿನ್ನ ಜಾಗದಲ್ಲಿ ನಿಂತವನಿಗೆ ಅದರಿಂದ ಭಾರಿ ಅನುಕೂಲವಾಗಿದೆ.

ಊರೆಲ್ಲ ನಿನ್ನನ್ನು ಗೋಡೆ ಅಂತ ಕರೆಯುತ್ತಿತ್ತು. ಆ ಗೋಡೆಯೇ ಒಂದು ದಿನ ಚೆಂಡು ಹುಡುಕಿಕೊಂಡು ಕಾಂಪೌಂಡು ಹತ್ತಿ ಆಚೆ ಇಳಿದು ಚೆಂಡಣ್ಣನ ಜೊತೆ ಕೂತು ಬಂತು. ಅವತ್ತು ಊಟಕ್ಕೆ ಕೂತಾಗ ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ಅವನ ತಾಯಿ ತೀರಿಕೊಂಡು ಆರು ತಿಂಗಳಾಯಿತಂತೆ, ಹೋಗಲು ಬಿಡಲಿಲ್ಲವಂತೆ, ಎಂಬತ್ತಕ್ಕೂ ಹೆಚ್ಚು ಜನರ ಪಾಸ್‌ಪೋರ್ಟು ಒಂದು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಾರಂತೆ. ನಾನು "ಹೌದಾ" ಅಂದೆ. ಅಂದು ನೀರು ಕೇಳಿದೆ. ಅಮ್ಮ ನೀರು ಕೊಟ್ಟಳು, ಕುಡಿದೆ, ಎದ್ದು ಕೈ ತೊಳೆದೆ.

ಆಮೇಲೆ ಅಕ್ಟೋಬರಿನ ಆ ಪಂದ್ಯ. ಗೆದ್ದ ಮೇಲೆ ಕಂಪನಿಯ ಟೋಪಿ ಹಾಕಿಕೊಂಡು ಕಂಪನಿಗೆ ಧನ್ಯವಾದ ಹೇಳುವುದು ನಿಮ್ಮಲ್ಲಿ ಪದ್ಧತಿ. ನೀನು ಟೋಪಿಯನ್ನು ಮೇಜಿನ ಮೇಲಿಟ್ಟು, "ಈ ಮೈದಾನದ ಗೋಡೆ ಆಚೆ ಇರೋರ ಪಾಸ್‌ಪೋರ್ಟು ಒಂದು ಬೀರುವಿನಲ್ಲಿದೆ. ದಯವಿಟ್ಟು ಅದರ ಬೀಗ ತೆಗೀರಿ. ಅಷ್ಟೇ ನಾನು ಹೇಳೋದು" ಅಂದೆ. ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಸಾಲಗಾರನ ಹಾಗೆ ತಲೆ ತಗ್ಗಿಸಿ ಕೇಳಿದೆ. ಅಮ್ಮ ಟೀವಿಯ ಮುಂದೆ ಎದ್ದು ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕೂತಲ್ಲೇ ಸೊಂಟದ ಬೀಗದಕೈ ಗೊಂಚಲು ಮುಟ್ಟಿಕೊಂಡೆ.

ಕಳೆದ ವಾರ ನೀನು ಫೋನಿನಲ್ಲಿ ಹೇಳಿದ ಮಾತೇ ನನ್ನನ್ನು ಈ ಕುರ್ಚಿಯಲ್ಲಿ ಕೂರಿಸಿದ್ದು, ಸಾಹೇಬರಲ್ಲ. "ನನಗೆ ಸಾಕಾಗಿದೆ ಅಪ್ಪಾ. ನಾನೇನು ಆ ಬೀರು ಕಣ್ಣಾರೆ ನೋಡಿದ್ನಾ? ಯಾರೋ ಹೇಳಿದ್ರು, ನಂಬಿದೆ. ಇಲ್ಲದಿರೋ ಬೀರುಗೋಸ್ಕರ ಇಷ್ಟೆಲ್ಲಾ ಕಳ್ಕೊಂಡ್ನಾ ಅನ್ಸುತ್ತೆ. ಸಹಿ ಹಾಕ್ಬಿಡ್ತೀನಿ" ಅಂದೆ. ಆಟ ಹೋಯಿತು, ಫಲಕ ಹೋಯಿತು, ಗೆಳೆಯರು ಫೋನು ಎತ್ತುವುದು ಬಿಟ್ಟರು, ಅದನ್ನೆಲ್ಲ ನೀನು ತಡೆದುಕೊಂಡೆ. ಆದರೆ ತಾನು ಹೇಳಿದ್ದು ನಿಜವೋ ಸುಳ್ಳೋ ಅಂತ ನಿನಗೇ ಅನುಮಾನ ಬಂದಾಗ ನಿನ್ನ ದನಿ ಕೇಳಲು ಆಗಲಿಲ್ಲ. ಆಗಲೇ ಹೇಳಬೇಕಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಹೇಳಿ ಫೋನು ಇಟ್ಟೆ.

ಬೀರು ಇದೆ ಮಗಾ. ಈಗ ನಾನು ಕೂತಿರುವ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ. ತಂಡ ಗೆದ್ದ ಕಪ್ಪುಗಳನ್ನು ಮೊದಲು ಜೋಡಿಸಿಡುತ್ತಿದ್ದ ಹಸಿರು ಕಬ್ಬಿಣದ ಬೀರು, ಚಿಕ್ಕವನಿದ್ದಾಗ ನೀನು ಅಯಸ್ಕಾಂತ ಅಂಟಿಸಿ ಆಡುತ್ತಿದ್ದೆಯಲ್ಲ, ಅದೇ. ತಮ್ಮ ತಗಡಿನ ಆಫೀಸು ಸೋರುತ್ತದೆ ಅಂತ ಕಂಪನಿಯ ಸೂಪರ್‌ವೈಸರು ಎರಡು ವರ್ಷದ ಹಿಂದೆ ಬಂದು ಕೇಳಿದರು, ಸಾಹೇಬರು ಕೊಡಿ ಅಂದರು, ಖಾಲಿ ಮಾಡಿ ಬೀಗದಕೈ ಕೊಟ್ಟೆ. ಮರುದಿನ ಅವರು ಬೀರು ತೆರೆದುಕೊಂಡು ರಬ್ಬರ್‌ಬ್ಯಾಂಡು ಹಾಕಿದ ಸಣ್ಣ ಪುಸ್ತಕದ ಕಟ್ಟುಗಳನ್ನು ಜೋಡಿಸುತ್ತಿದ್ದರು. ಪಾಸ್‌ಪೋರ್ಟು ಅಂತ ತಿಳಿಯಿತು. ಯಾರದ್ದು, ಯಾಕೆ ಅಂತ ಕೇಳಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಾಯಿ ತೀರಿಕೊಂಡ ವಾರ ಚೆಂಡಣ್ಣ ಈ ಕೋಣೆಯ ಹಿಂಬಾಗಿಲಿಗೆ ಬಂದಿದ್ದ. ಸೂಪರ್‌ವೈಸರು ಇಲ್ಲೇ ನಿಂತಿದ್ದರು. "ಅಮ್ಮ ಹೋಯ್ತು. ಪಾಸ್‌ಪೋರ್ಟು" ಅಂದ, ನಮ್ಮ ಭಾಷೆ ಆಗ ಅವನಿಗೆ ಅಷ್ಟೇ ಬರುತ್ತಿತ್ತು. ಅವರು "ನೋಡೋಣ, ನೋಡೋಣ" ಅಂದರು. ಅವನು ಬೀರುವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದೆ. ಅಂಗಿಗೆ ಹೊಲಿಗೆ ಬೇಕಿರಲಿಲ್ಲ, ನನಗೆ ಸದ್ದು ಬೇಕಿತ್ತು. ನಿನಗೆ ಅವನು ಈ ಕೋಣೆಯ ಸುದ್ದಿ ಹೇಳಲೇ ಇಲ್ಲ. ಯಾಕೆ ಹೇಳಲಿಲ್ಲ ಅಂತ ನಾಲ್ಕು ತಿಂಗಳಿಂದ ಯೋಚಿಸುತ್ತಿದ್ದೇನೆ. ನಾನು ನಿನ್ನ ಅಪ್ಪ ಅಂತ ಗೊತ್ತಿದ್ದೇ ಇರಬೇಕು.

ನಿನ್ನ ಮಾತು ಟೀವಿಯಲ್ಲಿ ಬಂದ ಮರುದಿನ ಬೀರುವನ್ನು ಸಾಗಿಸುತ್ತಾರೆ ಅಂದುಕೊಂಡಿದ್ದೆ. ಸಾಗಿಸಲಿಲ್ಲ, ಹೊರಗೆ ಕ್ಯಾಮೆರಾ ನಿಂತಿತ್ತು. ಬಟ್ಟೆಯ ಕೋಣೆಯನ್ನು ಯಾರು ಹುಡುಕುತ್ತಾರೆ, ಮುಂದೆ ಏನಾದರೂ ನೇತು ಹಾಕಿ ಅಂದರು ಸೂಪರ್‌ವೈಸರು. ಹಳೇ ಅಂಗಿ ಹಾಕಿದೆ. ಈಗ ಅದರ ಮುಂದೆ ನೇತಾಡುತ್ತಿರುವುದು ನಿನ್ನ ಹದಿನಾಲ್ಕು ಅಂಗಿ. ಭಯಪಟ್ಟೆ ಅಂದರೆ ದೊಡ್ಡ ಮಾತಾಯಿತು, ಭಯಪಡುವುದಕ್ಕೂ ಒಂದಿಷ್ಟು ಕಸುವು ಬೇಕು. ಎರಡು ವರ್ಷ ಕಳೆದರೆ ನಿವೃತ್ತಿ, ನಾವಿರುವುದು ಕ್ಲಬ್ಬಿನ ಕ್ವಾರ್ಟರ್ಸು, ಅಮ್ಮನ ಮಂಡಿಯ ಆಪರೇಷನ್ನು ಕ್ಲಬ್ಬೇ ಮಾಡಿಸಬೇಕು. ದಿನಾ ಬೆಳಿಗ್ಗೆ ಇವನ್ನು ಬೆರಳು ಮಡಿಸಿ ಎಣಿಸಿಕೊಂಡು ಬೀರುವಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ನೀನು ಅಷ್ಟು ದೂರ ಒಬ್ಬನೇ ಸುಳ್ಳುಗಾರ ಅನ್ನಿಸಿಕೊಂಡು ಕೂತಿದ್ದೆ, ನಾನು ಸಾಕ್ಷಿಯ ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದೆ. ಕ್ಷಮಿಸು ಅನ್ನಲು ನಾಚಿಕೆಯಾಗುತ್ತದೆ, ಆದರೂ ಕ್ಷಮಿಸು.

ಸಹಿ ಹಾಕು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಎರಡನ್ನೂ ಹೇಳುವ ಯೋಗ್ಯತೆ ನನಗಿಲ್ಲ. ಸುಸ್ತಾಗಿದ್ದರೆ ಹಾಕಿ ಮನೆಗೆ ಬಾ, ಬಾಗಿಲು ತೆರೆದೇ ಇರುತ್ತದೆ. ಆದರೆ ಬೀರು ಇಲ್ಲ ಅಂತ ನಂಬಿ ಹಾಕಬೇಡ. ನೀನು ಆಡಿದ ಮಾತಿನಲ್ಲಿ ಸುಳ್ಳು ಇರಲಿಲ್ಲ, ಇಷ್ಟನ್ನು ನಿನಗೆ ತಲುಪಿಸಿದರೆ ನನ್ನ ಕೆಲಸ ಮುಗಿಯಿತು.

ಬಿಸಿನೀರು ಮರೆಯಬೇಡ, ಕೂತು ಉಣ್ಣು. ಅಮ್ಮ ಕಳುಹಿಸಿದ ಕಂಬಳಿ ಚುಚ್ಚುತ್ತದೆ ಅಂತ ಮೂಲೆಗೆ ಎಸೆದಿರುತ್ತೀಯೆ, ಹೊದ್ದುಕೋ, ಒಂದು ವಾರದಲ್ಲಿ ಮೆತ್ತಗಾಗುತ್ತದೆ. ಎಲ್ಲಿದ್ದರೂ ಕೈಕಾಲು ಗಟ್ಟಿಯಾಗಿರಲಿ, ನಿದ್ದೆ ಬರಲಿ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಪ್ಪ

ತಾ. ಕ. ಫೆಬ್ರವರಿ ೧೨, ಬೆಳಿಗ್ಗೆ ಎಂಟು ಇಪ್ಪತ್ತು. ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಅಮ್ಮ ಇಲ್ಲೇ ಬಾಗಿಲಲ್ಲಿ ನಿಂತಿದ್ದಾಳೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತಾಳೆ. ಸೂಪರ್‌ವೈಸರು ಬರುವುದು ಒಂಬತ್ತಕ್ಕೆ, ಅದಕ್ಕೇ ಅಕ್ಷರ ಓಡುತ್ತಿದೆ, ಕೂಡಿಸಿಕೊಂಡು ಓದು. ಯಾವ ಬೀಗಕ್ಕೂ ಇನ್ನೊಂದು ಕೀ ಇಟ್ಟುಕೊಳ್ಳುವ ನನ್ನ ಹುಚ್ಚು ನಿನಗೆ ಗೊತ್ತಲ್ಲ, ಸ್ವರ್ಗದ ಬಾಗಿಲಿಗೂ ಅಪ್ಪನ ಹತ್ತಿರ ಇನ್ನೊಂದು ಕೀ ಇರುತ್ತೆ ಅಂತ ನೀವಿಬ್ಬರೂ ಆಡಿಕೊಳ್ಳುತ್ತಿದ್ದಿರಿ. ಆ ಸೂಪರ್‌ವೈಸರು ಒಂದು ಕೀ ತೆಗೆದುಕೊಂಡು ಹೋದವರು ಇನ್ನೊಂದನ್ನು ಕೇಳಲೇ ಇಲ್ಲ. ಬೀರುವಿಗೆ ಎರಡು ಕೀ ಇರುತ್ತದೆ ಅಂತ ಮನೆ ನಡೆಸಿದವರಿಗೆಲ್ಲ ಗೊತ್ತು. ಅದು ಎರಡು ವರ್ಷದಿಂದ ನೀಲಿ ದಾರ ಕಟ್ಟಿಕೊಂಡು ನನ್ನ ಸೊಂಟದಲ್ಲೇ ಇತ್ತು. ನಿನ್ನೆ ನಿನಗೆ ಬರೆದ ಮೇಲೆ ಅದರ ಭಾರ ತಡೆಯಲಾಗಲಿಲ್ಲ.

ಬೆಳಿಗ್ಗೆ ಆರಕ್ಕೆ ಮಾತ್ರ ಅವರನ್ನೆಲ್ಲ ನೀರಿಗೆ ಅಂತ ಉಗ್ರಾಣದ ಹಿಂದಿನ ನಲ್ಲಿಯವರೆಗೆ ಬಿಡುತ್ತಾರೆ. ನಿನ್ನ ಅಂಗಿಗಳನ್ನು ಸರಿಸಿ ಬೀರು ತೆರೆದೆ, ಹಿಂಬಾಗಿಲನ್ನೂ ತೆರೆದೆ, ಒಬ್ಬೊಬ್ಬರದೇ ಹೆಸರು ಕೂಗಿದೆ. ಒಂದು ಹೆಸರನ್ನೂ ಸರಿಯಾಗಿ ಹೇಳಲು ಬರಲಿಲ್ಲ, ಅವರು ತಿದ್ದಿದರು, ಒಂದಿಬ್ಬರು ನಕ್ಕರು. ನನ್ನ ಉಗ್ರಾಣದ ಕಾನೂನು ಬಿಡಲಿಲ್ಲ. ಹೆಸರು, ವಸ್ತು, ತಾರೀಖು, ಸಹಿ. ಬರೆಯಲು ಬಾರದವರು ಬಟ್ಟೆಗೆ ಗುರುತು ಹಾಕುವ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದರು. 'ಕೊಟ್ಟದ್ದು' ಅನ್ನುವ ಕಾಲಮ್ಮಿನಲ್ಲಿ ಬರೆಯಲು ಕೈ ಹೋಯಿತು, ತಡೆದು 'ವಾಪಸು' ಅನ್ನುವ ಕಾಲಮ್ಮಿನಲ್ಲಿ ಬರೆದೆ. ಚೆಂಡಣ್ಣ ಕೊನೆಗೆ ಬಂದ, ಸಿಮೆಂಟಿನ ಚೀಲದಲ್ಲಿ ಹನ್ನೊಂದು ಚೆಂಡು ಹೊತ್ತುಕೊಂಡು. ಅದಕ್ಕೆ ಬೇರೆ ಚೀಟಿಯಲ್ಲಿ ನಾನು ಸಹಿ ಹಾಕಿಕೊಟ್ಟೆ. ಅವನು ಪುಸ್ತಕ ತೆರೆದು ತನ್ನ ಫೋಟೋ ನೋಡಿಕೊಂಡ, ತನ್ನ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ.

ಅಮ್ಮನಿಗೆ ಎಲ್ಲ ಹೇಳಿದ್ದು ಇವತ್ತೇ. ಬೈಯಲಿಲ್ಲ, ಕೌಂಟರಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಖಾಲಿ ಇದೆ, ನೆಲಮಹಡಿ, ಮೆಟ್ಟಿಲಿಲ್ಲ ಅಂದಳು.

ರಿಜಿಸ್ಟರಿನಿಂದ ಜನ್ಮದಲ್ಲಿ ಮೊದಲ ಸಲ ಹಾಳೆ ಹರಿದಿದ್ದೇನೆ, ಮೂರು ಹಾಳೆ ಇದರೊಳಗಿವೆ. ಬೀರು ಎಲ್ಲಿದೆ ಅಂತ ಯಾರು ಕೇಳಿದರೂ ತೋರಿಸು. ಹಾಳೆಗೆ ಇಪ್ಪತ್ತೆಂಟು ಸಾಲು, ಅವರು ಎಂಬತ್ತಮೂರು ಜನ, ಕೊನೆಗೆ ಒಂದು ಸಾಲು ಖಾಲಿ ಉಳಿಯಿತು. ಅದರಲ್ಲಿ ನಾನು ಸಹಿ ಹಾಕಿದ್ದೇನೆ. ಒಟ್ಟು ಎಂಬತ್ತನಾಲ್ಕು ಸಹಿಯಾಯಿತು ಮಗಾ, ಅವರ ಕಾಗದಕ್ಕೆ ನಿನ್ನದು ಬೇಡ.